ಯಾರೂ ನೀರಿಗೆ ಎಸೆಯದ ಮಕ್ಕಳು

2001ರ ಅಕ್ಟೋಬರ್ 7, ಭಾನುವಾರ. ಆಸ್ಟ್ರೇಲಿಯಾದ ಪ್ರಧಾನಿ ಜಾನ್ ಹೊವಾರ್ಡ್ ಸಂಸತ್ ಚುನಾವಣೆ ಘೋಷಿಸಿ ಎರಡೇ ದಿನವಾಗಿತ್ತು. ಅವತ್ತು ಬೆಳಿಗ್ಗೆ ರಕ್ಷಣಾ ಸಚಿವ ಪೀಟರ್ ರೀತ್ ಟಿವಿ ಕಾರ್ಯಕ್ರಮವೊಂದರಲ್ಲಿ ಮಾತಾಡುವುದಿತ್ತು. ಅವರು ಕ್ಯಾಮೆರಾ ಮುಂದೆ ಕೂರುವ ಮೊದಲು ಸಮುದ್ರದ ಕಡೆಯ ತಾಜಾ ಸುದ್ದಿ ತಲುಪಿಸಬೇಕೆಂದು ಕ್ಯಾನ್‌ಬೆರಾದಿಂದ ಸೂಚನೆ ಬಂದಿತ್ತು. ಹಾಗಾಗಿ ಡಾರ್ವಿನ್‌ನಲ್ಲಿದ್ದ ಬ್ರಿಗೇಡಿಯರ್ ಮೈಕೆಲ್ ಸಿಲ್ವರ್‌ಸ್ಟೋನ್ ಮುಂಜಾನೆಯೇ ಯುದ್ಧನೌಕೆ 'ಅಡಿಲೇಡ್'ಗೆ ಫೋನ್ ಮಾಡಿದರು. ನೌಕೆ ಆಸ್ಟ್ರೇಲಿಯಾಕ್ಕೆ ಸೇರಿದ ಕ್ರಿಸ್‌ಮಸ್ ದ್ವೀಪದ ಉತ್ತರಕ್ಕೆ ಗಸ್ತಿನಲ್ಲಿತ್ತು.

ನೌಕೆಯ ಕಮಾಂಡರ್ ನಾರ್ಮನ್ ಬ್ಯಾಂಕ್ಸ್‌ಗೆ ಆಗ ಉಸಿರಾಡಲೂ ಪುರಸೊತ್ತಿರಲಿಲ್ಲ. ಎದುರಿಗೆ 223 ಜನ ತುಂಬಿದ್ದ ಮರದ ದೋಣಿ, ಹೆಚ್ಚಿನವರು ಇರಾಕಿನವರು. ಎಚ್ಚರಿಕೆಯ ಗುಂಡು ಹಾರಿಸಿದರೂ ದೋಣಿ ತಿರುಗಿರಲಿಲ್ಲ. ನಾವಿಕರು ಅದನ್ನು ಹತ್ತಿ ವಶಕ್ಕೆ ತೆಗೆದುಕೊಂಡಿದ್ದರು. ಕೆಲವು ಗಂಡಸರು ನೀರಿಗೆ ಹಾರುತ್ತಿದ್ದರು, ನಾವಿಕರು ಅವರನ್ನು ಎತ್ತಿ ಮತ್ತೆ ದೋಣಿಗೆ ಹಾಕುತ್ತಿದ್ದರು. ಒಬ್ಬಾತ ಮಗುವೊಂದನ್ನು ದೋಣಿಯ ಅಂಚಿನಾಚೆ ಹಿಡಿದು ತೋರಿಸಿ ಮತ್ತೆ ಒಳಗೆಳೆದುಕೊಂಡಿದ್ದ. ಈ ಗದ್ದಲದ ನಡುವೆ ಬ್ಯಾಂಕ್ಸ್ ಏನು ಹೇಳಿದರು, ಅತ್ತ ಕಡೆ ಏನು ಕೇಳಿಸಿತು ಎಂಬ ಬಗ್ಗೆ ಇಬ್ಬರ ಹೇಳಿಕೆ ಕೊನೆಯವರೆಗೂ ಕೂಡಿಬರಲಿಲ್ಲ. ಮಗುವನ್ನು ನೀರಿಗೆ ಎಸೆದರು ಎಂದೇ ತಾನು ಕೇಳಿಸಿಕೊಂಡದ್ದು, ಕೇಳಿದ್ದನ್ನು ಆಗಲೇ ಬರೆದಿಟ್ಟುಕೊಂಡಿದ್ದೇನೆ ಎಂದು ಸಿಲ್ವರ್‌ಸ್ಟೋನ್ ಹೇಳಿದರು. ಅಂಥ ಮಾತು ತನ್ನ ಬಾಯಿಂದ ಬಂದೇ ಇಲ್ಲ ಎಂದು ಬ್ಯಾಂಕ್ಸ್ ಪಟ್ಟು ಹಿಡಿದರು.

ಡಾರ್ವಿನ್‌ನಿಂದ ಕ್ಯಾನ್‌ಬೆರಾಕ್ಕೆ, ಸೇನಾ ಕಚೇರಿಯಿಂದ ಅಧಿಕಾರಿಗಳ ಸಮಿತಿಗೆ, ಸಮಿತಿಯಿಂದ ಸಚಿವರಿಗೆ ಮಾತು ಹರಿಯುವಷ್ಟರಲ್ಲಿ 'ಮಗು' ಹೋಗಿ 'ಮಕ್ಕಳು' ಆಗಿತ್ತು. ಮಧ್ಯಾಹ್ನಕ್ಕೆ ಮೊದಲೇ ವಲಸೆ ಸಚಿವ ಫಿಲಿಪ್ ರುಡಾಕ್ ಪತ್ರಕರ್ತರ ಮುಂದೆ ನಿಂತರು. ಆಶ್ರಯ ಬೇಡಿ ಬಂದವರು ತಮ್ಮ ಮಕ್ಕಳನ್ನೇ ಸಮುದ್ರಕ್ಕೆ ಎಸೆದಿದ್ದಾರೆ, ಇದು ಮೊದಲೇ ಯೋಚಿಸಿ ಮಾಡಿದ ಕೆಲಸ ಎಂದು ಹೇಳಿಬಿಟ್ಟರು. ಮರುದಿನ ರೇಡಿಯೊದಲ್ಲಿ ಪ್ರಧಾನಿ, ಇಂಥ ಜನ ನನ್ನ ದೇಶಕ್ಕೆ ಬೇಡವೇ ಬೇಡ ಎಂದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಎಲ್ಲ ದೇಶದಲ್ಲೂ ಇರುತ್ತಾರೆ. ಇಲ್ಲಿ ಹಾಗೆಂದವರು ಮಂತ್ರಿಗಳು, ಎತ್ತು ಈದದ್ದನ್ನು ಕಂಡೆವು ಎಂದವರು ಒಬ್ಬರೂ ಇರಲಿಲ್ಲ.

ಜನ ಇದನ್ನು ಇಷ್ಟು ಸುಲಭವಾಗಿ ನಂಬಿದ್ದು ಯಾಕೆ ಎಂದು ತಿಳಿಯಲು ಆರು ವಾರ ಹಿಂದಕ್ಕೆ ಹೋಗಬೇಕು.

ಆಗಸ್ಟ್ ಕೊನೆಯ ವಾರ ಇಂಡೋನೇಷ್ಯಾದಿಂದ ಹೊರಟ 'ಪಲಪ' ಎಂಬ ಮೀನುಗಾರಿಕೆ ದೋಣಿ ನಡುಗಡಲಲ್ಲಿ ಎಂಜಿನ್ ಕೆಟ್ಟು ನಿಂತಿತ್ತು. ಒಳಗೆ ನಾನೂರಕ್ಕೂ ಹೆಚ್ಚು ಜನ. ಬಹುಪಾಲು ತಾಲಿಬಾನ್ ಕೈಯಲ್ಲಿ ನಲುಗಿ ಓಡಿಬಂದ ಅಫ್ಘಾನಿಸ್ತಾನದ ಹಜಾರಾಗಳು. ಆಸ್ಟ್ರೇಲಿಯಾದ ಕಾವಲು ವಿಮಾನ ಮೇಲೆ ಹಾರಿದಾಗ ಹೆಂಗಸರ ತಲೆವಸ್ತ್ರಗಳ ಮೇಲೆ ಎಂಜಿನ್ ಎಣ್ಣೆಯಲ್ಲಿ 'ಕಾಪಾಡಿ' ಎಂದು ಬರೆದು ತೋರಿಸಿದರು. ಆಸ್ಟ್ರೇಲಿಯಾದ ರಕ್ಷಣಾ ಕೇಂದ್ರದ ಕರೆಯ ಮೇರೆಗೆ, ಫ್ರಿಮ್ಯಾಂಟಲ್‌ನಿಂದ ಸಿಂಗಪುರಕ್ಕೆ ಹೊರಟಿದ್ದ ನಾರ್ವೆಯ ಸರಕು ಹಡಗು 'ಟಾಂಪಾ' ದಿಕ್ಕು ಬದಲಿಸಿ ಬಂತು. ಆಗಸ್ಟ್ 26ರಂದು ಕ್ಯಾಪ್ಟನ್ ಆರ್ನೆ ರಿನ್ನಾನ್ 433 ಜನ ಆಶ್ರಯಾರ್ಥಿಗಳನ್ನೂ ದೋಣಿಯ ಸಿಬ್ಬಂದಿಯನ್ನೂ ಹತ್ತಿಸಿಕೊಂಡರು. ಅವರ ಹಡಗಿನ ಸಿಬ್ಬಂದಿ 27 ಜನ. ಹಡಗಿಗೆ ಪರವಾನಗಿ ಇದ್ದದ್ದು 50 ಜನರಿಗೆ ಮಾತ್ರ. ಅಡುಗೆಮನೆ, ಶೌಚಾಲಯ, ಔಷಧಿ ಪೆಟ್ಟಿಗೆ ಎಲ್ಲವೂ ಆ ಲೆಕ್ಕದವೇ. ಹತ್ತಿದವರಲ್ಲಿ ಗರ್ಭಿಣಿಯರಿದ್ದರು, ಭೇದಿಯಿಂದ ನಿತ್ರಾಣರಾದ ಮಕ್ಕಳಿದ್ದರು. ಅವರು ಡೆಕ್‌ನ ಮೇಲೆ, ಕಂಟೇನರ್‌ಗಳ ನಡುವೆ ಮಲಗಿದರು.

ರಿನ್ನಾನ್ ಮೊದಲು ಇಂಡೋನೇಷ್ಯಾದ ಕಡೆಗೇ ಹಡಗು ತಿರುಗಿಸಿದ್ದರು. ಮೇಲೆ ಬಂದವರಲ್ಲಿ ಕೆಲವರು ಮೇಲಟ್ಟಕ್ಕೆ ನುಗ್ಗಿ, ಕ್ರಿಸ್‌ಮಸ್ ದ್ವೀಪಕ್ಕೆ ಒಯ್ಯದಿದ್ದರೆ ಏನು ಮಾಡಿಕೊಳ್ಳುತ್ತೇವೋ ನಮಗೇ ಗೊತ್ತಿಲ್ಲ ಎಂಬ ಧಾಟಿಯಲ್ಲಿ ಒತ್ತಾಯಿಸಿದರು. ಕ್ಯಾಪ್ಟನ್ ಮಣಿದರು. ಸರ್ಕಾರಕ್ಕೆ ಇದೊಂದು ಎಳೆ ಸಾಕಾಯಿತು: ಇವರು ಹಡಗಿನ ಮೇಲೆ ಜುಲುಮೆ ಮಾಡಿದವರು, ಇವರಿಗೆ ಬಾಗಿಲು ತೆರೆದರೆ ನಾಳೆ ಎಲ್ಲರೂ ಇದನ್ನೇ ಮಾಡುತ್ತಾರೆ. ಈ ವಾದದಲ್ಲಿ ತಿರುಳೇ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಅದರ ಹಿಂದಿನ ಎರಡು ಆರ್ಥಿಕ ವರ್ಷಗಳಲ್ಲಿ ವರ್ಷಕ್ಕೆ ನಾಲ್ಕು ಸಾವಿರಕ್ಕೂ ಹೆಚ್ಚು ಜನ ದೋಣಿಗಳಲ್ಲಿ ಬಂದಿದ್ದರು, ಅವರನ್ನು ಸಾಗಿಸುವ ದಲ್ಲಾಳಿಗಳ ದಂಧೆ ನಿಜವಾಗಿಯೂ ಬೆಳೆದಿತ್ತು. ಆದರೆ ಸಮುದ್ರದಲ್ಲಿ ಮುಳುಗುತ್ತಿದ್ದವರನ್ನು ಎತ್ತಿಕೊಂಡ ಹಡಗಿಗೆ ಬಂದರು ಮುಚ್ಚಿದ್ದು ಸಮುದ್ರದ ಹಳೆಯ ರೂಢಿಗೆ ವಿರುದ್ಧವಾಗಿತ್ತು.

ಟಾಂಪಾ ದ್ವೀಪದ ಹತ್ತಿರ, ಗಡಿಯಾಚೆ ಮೂರು ದಿನ ಕಾಯಿತು. ಆಗಸ್ಟ್ 29ರಂದು ರಿನ್ನಾನ್ ಅಪಾಯದ ಸಂಕೇತ ಕೊಟ್ಟು ಆಸ್ಟ್ರೇಲಿಯಾದ ಜಲಗಡಿ ದಾಟಿದರು. ಸರ್ಕಾರ ಕಳಿಸಿದ್ದು ವಿಶೇಷ ಪಡೆಯ 45 ಕಮಾಂಡೊಗಳನ್ನು. ಅದೇ ಸಂಜೆ ಸಂಸತ್ತಿನಲ್ಲಿ ಒಂದು ಮಸೂದೆ ಬಂತು. ಯಾವ ಹಡಗನ್ನೇ ಆಗಲಿ ಬಲವಂತವಾಗಿ ಜಲಗಡಿಯಾಚೆ ಕಳಿಸುವ ಅಧಿಕಾರ ಸರ್ಕಾರಕ್ಕೆ, ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿಲ್ಲ. ವಿರೋಧ ಪಕ್ಷವಾದ ಲೇಬರ್‌ನ ನಾಯಕ ಕಿಮ್ ಬೀಜ್ಲಿ ಆವರೆಗೆ ಟಾಂಪಾ ವಿಷಯದಲ್ಲಿ ಸರ್ಕಾರದ ಜೊತೆಗೇ ನಿಂತಿದ್ದವರು, ಈ ಮಸೂದೆಗೆ ಮಾತ್ರ ಒಲ್ಲೆ ಎಂದರು. ಸೆನೆಟ್‌ನಲ್ಲಿ ಅದು ಬಿತ್ತು. ಹೊವಾರ್ಡ್‌ಗೆ ಆ ಸೋಲೇ ಲಾಭವಾಯಿತು. ಬೆಳಿಗ್ಗೆ ಒಂದು, ಸಂಜೆ ಇನ್ನೊಂದು ಮಾತಾಡುವ ನಾಯಕನನ್ನು ನಂಬುತ್ತೀರಾ ಎಂದು ಕೇಳುವ ಅವಕಾಶ ಸಿಕ್ಕಿತು. ಬೀಜ್ಲಿಗೆ ಅತ್ತ ದರಿ ಇತ್ತ ಪುಲಿ. ಒಂದು ಕಡೆ ದೋಣಿಯ ಜನರ ಮೇಲೆ ಸಿಟ್ಟಾಗಿದ್ದ ಕಾರ್ಮಿಕ ಮತದಾರರು, ಇನ್ನೊಂದು ಕಡೆ ನಾಚಿಕೆಯಿಂದ ತಲೆ ತಗ್ಗಿಸಿದ್ದ ನಗರದ ವಿದ್ಯಾವಂತ ಬೆಂಬಲಿಗರು.

ಜನಾಭಿಪ್ರಾಯ ಎತ್ತ ಇತ್ತು ಎಂಬ ಬಗ್ಗೆ ಅನುಮಾನವಿರಲಿಲ್ಲ. ಆ ದಿನಗಳಲ್ಲಿ ನಡೆದ ಸಮೀಕ್ಷೆಯೊಂದರಲ್ಲಿ ಶೇ. 77ರಷ್ಟು ಜನ ಟಾಂಪಾವನ್ನು ತಡೆದದ್ದು ಸರಿ ಎಂದಿದ್ದರು. ಸಿಡ್ನಿಯ ಅಲನ್ ಜೋನ್ಸ್‌ನಂಥ ಟಾಕ್‌ಬ್ಯಾಕ್ ರೇಡಿಯೊ ನಿರೂಪಕರಿಗೆ ಬೆಳಗಿನ ಹೊತ್ತು ಲಕ್ಷಾಂತರ ಕೇಳುಗರಿದ್ದರು. ಹೊವಾರ್ಡ್ ಪತ್ರಿಕಾಗೋಷ್ಠಿಗಿಂತ ಈ ಸ್ಟುಡಿಯೊಗಳನ್ನೇ ಇಷ್ಟಪಟ್ಟವರು. ಅಲ್ಲಿ ಅಡ್ಡಪ್ರಶ್ನೆ ಕಡಿಮೆ, ಮಾತು ನೇರವಾಗಿ ಅಡುಗೆಮನೆಗೂ ಟ್ಯಾಕ್ಸಿಗೂ ತಲುಪುತ್ತಿತ್ತು. ದೊಡ್ಡ ನಗರಗಳ ಟ್ಯಾಬ್ಲಾಯ್ಡ್‌ಗಳು ಗಡಿ ಕಾಯುವ ಪ್ರಧಾನಿಯ ಬೆನ್ನು ತಟ್ಟಿದವು. ಮೆಲ್ಬರ್ನ್‌ನ 'ದಿ ಏಜ್', ಸಿಡ್ನಿಯ 'ಮಾರ್ನಿಂಗ್ ಹೆರಾಲ್ಡ್' ಸಂಪಾದಕೀಯಗಳಲ್ಲಿ ಛೀಮಾರಿ ಹಾಕಿದವು. ಛೀಮಾರಿ ಓದಿದವರು ಟ್ಯಾಬ್ಲಾಯ್ಡ್ ಓದುತ್ತಿರಲಿಲ್ಲ, ರೇಡಿಯೊ ಕೇಳುವವರು ಸಂಪಾದಕೀಯದ ಪುಟ ತೆರೆಯುತ್ತಿರಲಿಲ್ಲ. ಒಂದು ಗುಂಪು ಇನ್ನೊಂದನ್ನು ಜನಾಂಗದ್ವೇಷಿ ಎಂದಿತು, ಇನ್ನೊಂದು ಇದನ್ನು ಊರಿನ ಕಷ್ಟ ಗೊತ್ತಿಲ್ಲದ ಉಳ್ಳವರ ಕೂಟ ಎಂದಿತು. ಎರಡೂ ಮಾತಿಗೆ ಸ್ವಲ್ಪ ಸ್ವಲ್ಪ ಆಧಾರವಿದ್ದದ್ದೇ ಜಗಳ ಮುಗಿಯದಿರಲು ಕಾರಣ.

ಈ ಒಡಕಿಗೆ ಹಳೆಯ ಬೇರುಗಳಿದ್ದವು. 1901ರಲ್ಲಿ ಆಸ್ಟ್ರೇಲಿಯಾ ಒಕ್ಕೂಟವಾದ ಮೊದಲ ವರ್ಷದಲ್ಲೇ ಏಷ್ಯನ್ನರನ್ನು ದೂರವಿಡುವ ವಲಸೆ ಕಾನೂನು ಬಂದಿತ್ತು. ಬಂದರಿನಲ್ಲಿ ಇಳಿದವನಿಗೆ ಯಾವುದೋ ಯುರೋಪಿಯನ್ ಭಾಷೆಯಲ್ಲಿ ಉಕ್ತಲೇಖನ ಕೊಟ್ಟು ನಪಾಸು ಮಾಡಿ ಕಳಿಸುವ ಕಾನೂನು ಅದು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಡೆದ ಆ ನೀತಿ ನಿಧಾನಕ್ಕೆ ಕಳಚಿತು. 1976ರಲ್ಲಿ ವಿಯೆಟ್ನಾಂ ನಿರಾಶ್ರಿತರ ಮೊದಲ ದೋಣಿ ಡಾರ್ವಿನ್‌ಗೆ ಬಂದಾಗ ಪ್ರಧಾನಿಯಾಗಿದ್ದವರು ಹೊವಾರ್ಡ್‌ರ ಪಕ್ಷದವರೇ ಆದ ಮಾಲ್ಕಮ್ ಫ್ರೇಸರ್. ಮುಂದೆ ಅವರ ಸರ್ಕಾರ ಸಾವಿರಾರು ವಿಯೆಟ್ನಾಮಿಗಳಿಗೆ ನೆಲೆ ಕೊಟ್ಟಿತು. ದೋಣಿಯಲ್ಲಿ ಬಂದವರನ್ನೆಲ್ಲ ಕಡ್ಡಾಯವಾಗಿ ಬಂಧನದಲ್ಲಿಡುವ ಕಾನೂನನ್ನು 1992ರಲ್ಲಿ ತಂದದ್ದು ಲೇಬರ್ ಸರ್ಕಾರ. ಎಡ-ಬಲದ ಲೆಕ್ಕ ಇಲ್ಲಿ ಅಷ್ಟು ಸಲೀಸಾಗಿ ಕೂರುವುದಿಲ್ಲ.

ಲೆಕ್ಕ ಬದಲಿಸಿದವರು ಪಾಲಿನ್ ಹ್ಯಾನ್ಸನ್. ಏಷ್ಯನ್ನರು ದೇಶವನ್ನು ಮುಳುಗಿಸುತ್ತಿದ್ದಾರೆ ಎಂದು 1996ರಲ್ಲಿ ಸಂಸತ್ತಿನಲ್ಲಿ ಹೇಳಿ ಹೆಸರಾದ ಈಕೆಯ 'ಒನ್ ನೇಷನ್' ಪಕ್ಷ 1998ರ ಕ್ವೀನ್ಸ್‌ಲೆಂಡ್ ರಾಜ್ಯ ಚುನಾವಣೆಯಲ್ಲಿ 11 ಸ್ಥಾನ ಗೆದ್ದಿತು. ನಿರಾಶ್ರಿತರಿಗೆ ತಾತ್ಕಾಲಿಕ ಆಶ್ರಯ ಮಾತ್ರ ಕೊಡಬೇಕು ಎಂದು ಹ್ಯಾನ್ಸನ್ ಹೇಳಿದಾಗ ಸರ್ಕಾರ ಅದನ್ನು ತಳ್ಳಿಹಾಕಿತ್ತು. 1999ರಲ್ಲಿ ಅದೇ ಸರ್ಕಾರ ತಾತ್ಕಾಲಿಕ ರಕ್ಷಣಾ ವೀಸಾ ಜಾರಿಗೆ ತಂದಿತು. ಆ ವೀಸಾದವರು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವಂತಿರಲಿಲ್ಲ, ದೇಶ ಬಿಟ್ಟು ಹೋದರೆ ಮರಳುವಂತಿರಲಿಲ್ಲ. ಈ ನಿಯಮ ಮುಂದೆ ಯಾರ ಕೊರಳಿಗೆ ಸುತ್ತಿಕೊಂಡಿತು ಎಂಬುದಕ್ಕೆ ಆಮೇಲೆ ಬರುತ್ತೇನೆ.

ಟಾಂಪಾಕ್ಕೆ ಮರಳೋಣ. ಮೆಲ್ಬರ್ನ್‌ನ ವಕೀಲರೊಬ್ಬರೂ ನಾಗರಿಕ ಹಕ್ಕುಗಳ ಸಂಘಟನೆಯೂ ಫೆಡರಲ್ ಕೋರ್ಟಿಗೆ ಹೋದರು. ಹಡಗಿನಲ್ಲಿರುವವರು ಅಕ್ರಮ ಬಂಧನದಲ್ಲಿದ್ದಾರೆ, ಅವರನ್ನು ಆಸ್ಟ್ರೇಲಿಯಾಕ್ಕೆ ಕರೆತರಬೇಕು ಎಂದು ನ್ಯಾಯಮೂರ್ತಿ ನಾರ್ತ್ ತೀರ್ಪು ಕೊಟ್ಟರು. ಅದು ಸೆಪ್ಟೆಂಬರ್ 11ರ ಮಧ್ಯಾಹ್ನ. ಕೆಲವೇ ಗಂಟೆಗಳಲ್ಲಿ ನ್ಯೂಯಾರ್ಕ್‌ನ ಅವಳಿ ಗೋಪುರಗಳು ಕುಸಿದವು. ತೀರ್ಪಿನ ಸುದ್ದಿ ಮರುದಿನ ಯಾರ ಕಣ್ಣಿಗೂ ಬೀಳಲಿಲ್ಲ. ಎರಡು ದಿನದಲ್ಲಿ ರೀತ್ ರೇಡಿಯೊದಲ್ಲಿ, ಹೀಗೆ ಬರುವ ದೋಣಿಗಳು ಭಯೋತ್ಪಾದಕರಿಗೂ ದಾರಿಯಾಗಬಹುದು ಎಂದರು. ಸೆಪ್ಟೆಂಬರ್ 17ರಂದು ಮೇಲ್ಮನವಿ ಪೀಠ ಎರಡಕ್ಕೆ ಒಂದರ ಬಹುಮತದಲ್ಲಿ ನಾರ್ತ್ ಅವರ ತೀರ್ಪನ್ನು ರದ್ದುಮಾಡಿತು. ತಿಂಗಳ ಕೊನೆಗೆ ಗಡಿ ಕಾನೂನುಗಳ ಒಂದು ಕಂತೆಯೇ ಅಂಗೀಕಾರವಾಯಿತು, ಈ ಸಲ ಲೇಬರ್ ಮತವೂ ಸೇರಿ. ಕ್ರಿಸ್‌ಮಸ್ ದ್ವೀಪವನ್ನು ವಲಸೆ ಕಾನೂನಿನ ಲೆಕ್ಕದಿಂದಲೇ ಹೊರಗಿಡಲಾಯಿತು. ಅಲ್ಲಿ ಕಾಲಿಟ್ಟರೂ ಆಸ್ಟ್ರೇಲಿಯಾದಲ್ಲಿ ಆಶ್ರಯ ಕೇಳುವ ಹಕ್ಕು ಹುಟ್ಟುವುದಿಲ್ಲ. ಟಾಂಪಾದಲ್ಲಿದ್ದವರಲ್ಲಿ ಸುಮಾರು ಮೂರನೇ ಒಂದು ಪಾಲನ್ನು ನ್ಯೂಜಿಲೆಂಡ್ ಕರೆದುಕೊಂಡಿತು. ಉಳಿದವರನ್ನು ರಂಜಕದ ಗಣಿ ಬರಿದಾಗಿ ಬೊಕ್ಕಸವೂ ಬರಿದಾಗಿದ್ದ ನೌರು ಎಂಬ ಪುಟ್ಟ ದ್ವೀಪದೇಶಕ್ಕೆ ಸಾಗಿಸಲಾಯಿತು. ನೌರುವಿಗೆ ಆಸ್ಟ್ರೇಲಿಯಾ ಮೊದಲ ಕಂತಿನಲ್ಲಿ ಕೊಡಲು ಒಪ್ಪಿದ ನೆರವು 2 ಕೋಟಿ ಡಾಲರ್.

ಟಾಂಪಾದಲ್ಲಿ ಇದ್ದವರ ಮುಖಗಳನ್ನು ಆಸ್ಟ್ರೇಲಿಯನ್ನರು ನೋಡಲೇ ಇಲ್ಲ. ದ್ವೀಪದ ಬಂದರನ್ನು ಮುಚ್ಚಲಾಗಿತ್ತು, ಪತ್ರಕರ್ತರ ದೋಣಿಗಳು ಹಡಗಿನ ಬಳಿ ಹೋಗುವಂತಿರಲಿಲ್ಲ. ಜಗತ್ತು ನೋಡಿದ ಚಿತ್ರ ಒಂದೇ, ಆಕಾಶದಿಂದ ತೆಗೆದದ್ದು: ಕೆಂಪು ಹಡಗು, ಡೆಕ್‌ನ ಮೇಲೆ ಇರುವೆಗಳಂತೆ ಸಾಲುಗಟ್ಟಿ ಕುಳಿತ ಜನ. ಅವರ ಪತ್ರವೊಂದು ನಾರ್ವೆಯ ರಾಯಭಾರಿ ಹಡಗಿಗೆ ಹೋಗಿ ತಂದದ್ದರಿಂದ ಹೊರಗೆ ಬಂತು, ಅದರಲ್ಲಿ ಸಹಿಯ ಜಾಗದಲ್ಲಿ ಯಾರ ಹೆಸರೂ ಇರಲಿಲ್ಲ. ಈ ಮುಖಗಳು ಕಾಣದೇ ಹೋದದ್ದು ಅಕಸ್ಮಾತ್ ಅಲ್ಲ. ರಕ್ಷಣಾ ಇಲಾಖೆಯ ಪ್ರಚಾರ ವಿಭಾಗದ ಅಧಿಕಾರಿಗಳು ಮರುವರ್ಷ ಸೆನೆಟ್ ಸಮಿತಿಯ ಮುಂದೆ ಸಾಕ್ಷ್ಯ ಹೇಳಿದ್ದಾರೆ. ಆಶ್ರಯಾರ್ಥಿಗಳನ್ನು ಮನುಷ್ಯರಾಗಿ ತೋರಿಸುವ, ಕನಿಕರ ಹುಟ್ಟಿಸುವ ಫೋಟೊ ತೆಗೆಯಬಾರದು ಎಂದು ಸಚಿವರ ಕಚೇರಿಯಿಂದಲೇ ಅವರಿಗೆ ಸೂಚನೆ ಹೋಗಿತ್ತು.

ಮಾಧ್ಯಮದ ಪಕ್ಷಪಾತದ ಮಾತು ಬಂದಾಗಲೆಲ್ಲ ನಾವು ಮಾಲೀಕರು ಯಾರು, ಸಂಪಾದಕರ ಒಲವು ಎತ್ತ ಎಂದು ನೋಡುತ್ತೇವೆ. ನೋಡಬೇಕಾದದ್ದೇ. ಆದರೆ 2001ರ ಆ ಎರಡು ತಿಂಗಳ ಕಥೆಯಲ್ಲಿ ಅದಕ್ಕಿಂತ ದೊಡ್ಡ ಕೆಲಸ ಮಾಡಿದ್ದು ದೂರ. ಎಡದ ಪತ್ರಿಕೆಗೂ ಬಲದ ಪತ್ರಿಕೆಗೂ ಸಿಕ್ಕಿದ್ದು ಒಂದೇ ಮೂಲ, ಒಂದೇ ಫೋಟೊ. ಒಬ್ಬರು ಅದನ್ನು ಹಿಡಿದು ಶಪಿಸಿದರು, ಇನ್ನೊಬ್ಬರು ಮರುಗಿದರು. ದೋಣಿಯಲ್ಲಿದ್ದ ಒಬ್ಬ ತಾಯಿಯನ್ನು ಮಾತಾಡಿಸಿ ಬಂದವರು ಎರಡೂ ಕಡೆ ಇರಲಿಲ್ಲ.

ಈಗ ಅಕ್ಟೋಬರ್ 7ಕ್ಕೆ. ಅಮೆರಿಕ ಅಫ್ಘಾನಿಸ್ತಾನದ ಮೇಲೆ ಬಾಂಬ್ ದಾಳಿ ಶುರುಮಾಡಿದ್ದೂ ಅದೇ ದಿನ. ನೌಕಾಪಡೆ 'ಸೀವ್-4' ಎಂದು ನಂಬರು ಕೊಟ್ಟಿದ್ದ ಆ ಮರದ ದೋಣಿಯ ಎಂಜಿನ್ ಕೈಕೊಟ್ಟಿತ್ತು. ಅಡಿಲೇಡ್ ಅದನ್ನು ಎಳೆದುಕೊಂಡು ಹೋಗುತ್ತಿತ್ತು. 8ರ ಸಂಜೆ ದೋಣಿ ನೀರು ತುಂಬಿ ಮುಳುಗಿತು. ನಾವಿಕರು ತಾವೇ ಸಮುದ್ರಕ್ಕೆ ಜಿಗಿದು ಹೆಂಗಸರನ್ನೂ ಮಕ್ಕಳನ್ನೂ ಎತ್ತಿ ತೆಪ್ಪಗಳಿಗೆ ಸೇರಿಸಿದರು. 223 ಜನರೂ ಬದುಕಿದರು. ಯಾವ ನೌಕಾಪಡೆಯೂ ಹೆಮ್ಮೆಪಡುವ ಕೆಲಸ. ನೌಕೆಯಲ್ಲಿದ್ದವರು ಆ ಹೆಮ್ಮೆಯಿಂದಲೇ ಫೋಟೊ ತೆಗೆದು, ಅಡಿಬರಹ ಹಾಕಿ, ದಿನಾಂಕ ಸಹಿತ ಇ-ಮೇಲ್ ಮಾಡಿದರು. ಕ್ಯಾನ್‌ಬೆರಾದಲ್ಲಿ ಕೈಯಿಂದ ಕೈಗೆ ಹೋಗುವಾಗ ಫೋಟೊ ಉಳಿಯಿತು, ಅಡಿಬರಹ ಉದುರಿತು.

ಅಕ್ಟೋಬರ್ 10ರಂದು ರೀತ್ ಆ ಫೋಟೊಗಳನ್ನು ಬಿಡುಗಡೆ ಮಾಡಿದರು. ನೀರಿನಲ್ಲಿ ಒಬ್ಬ ಹೆಂಗಸು, ಒಂದು ಮಗು, ಪಕ್ಕದಲ್ಲಿ ಈಜುತ್ತಿರುವ ನಾವಿಕ ಯುವತಿ. ನೋಡಿ, ಮಕ್ಕಳನ್ನು ಎಸೆದದ್ದಕ್ಕೆ ಇದೇ ಸಾಕ್ಷಿ. ಎಬಿಸಿ ರೇಡಿಯೊದ ಮೆಲ್ಬರ್ನ್ ಸ್ಟುಡಿಯೊದಲ್ಲಿ ವರ್ಜೀನಿಯಾ ಟ್ರಿಯೋಲಿ ಆ ಚಿತ್ರ ಮುಂದಿಟ್ಟುಕೊಂಡು ಸಚಿವರನ್ನೇ ಕೇಳಿದರು: ನೀರಿನಲ್ಲಿ ಜನ ಇದ್ದಾರೆ ಎಂದು ಇದು ತೋರಿಸುತ್ತದೆ, ಯಾರೋ ಎಸೆದರು ಎಂದು ಎಲ್ಲಿ ತೋರಿಸುತ್ತದೆ? ರೀತ್ ಜಾರಿಕೊಂಡರು, ಇಷ್ಟಾದರೂ ಅನುಮಾನವೇ ಎಂದು ಗದರಿದರು. ಆ ಸಂದರ್ಶನಕ್ಕೆ ಟ್ರಿಯೋಲಿಗೆ ಪತ್ರಿಕೋದ್ಯಮದ ವಾಕ್ಲಿ ಪ್ರಶಸ್ತಿ ಬಂತು. ಪ್ರಶಸ್ತಿ ಬಂದ ಪ್ರಶ್ನೆ ಯಾವ ವಿಶೇಷ ಮೂಲದಿಂದಲೂ ಹುಟ್ಟಿದ್ದಲ್ಲ, ಫೋಟೊವನ್ನು ಸರಿಯಾಗಿ ನೋಡಿದ್ದರಿಂದ ಹುಟ್ಟಿದ್ದು. ಮರುದಿನದ ಪತ್ರಿಕೆಗಳ ಮುಖಪುಟದಲ್ಲಿ ಅದೇ ಚಿತ್ರ, ಸಚಿವರು ಕೊಟ್ಟ ಅರ್ಥದೊಂದಿಗೆ.

ಫೋಟೊ ಟಿವಿಯಲ್ಲಿ ಬಂದ ಕ್ಷಣದಲ್ಲೇ ಅದು 8ನೇ ತಾರೀಖಿನದು ಎಂದು ನೌಕಾಪಡೆಯವರಿಗೆ ಗೊತ್ತಾಯಿತು. ಬ್ಯಾಂಕ್ಸ್ ತನ್ನ ಸಿಬ್ಬಂದಿಯ ಹೇಳಿಕೆಗಳನ್ನೆಲ್ಲ ಕಲೆಹಾಕಿದರು. ಮಗುವನ್ನು ಎಸೆದದ್ದನ್ನು ಕಂಡವರು ಒಬ್ಬರೂ ಇರಲಿಲ್ಲ. ಈ ಮಾತು ಮೇಲಕ್ಕೆ ಹೋಯಿತು, ರೀತ್ ಅವರ ಕಚೇರಿಯ ಹೊಸ್ತಿಲವರೆಗೂ ಹೋಯಿತು. ಅಲ್ಲಿಂದ ಹೊರಗೆ ಬರಲಿಲ್ಲ. ಕೆಳಗಿನವರು ಹೇಳಿದ್ದೇವೆ ಎಂದುಕೊಂಡರು, ಮೇಲಿನವರು ಲಿಖಿತವಾಗಿ ಬಂದಿಲ್ಲವಲ್ಲ ಎಂದುಕೊಂಡರು. ಸುಳ್ಳು ಹುಟ್ಟಿದ್ದು ತಪ್ಪು ಕೇಳಿಸಿಕೊಂಡದ್ದರಿಂದ ಇರಬಹುದು, ಒಂದು ತಿಂಗಳು ಬದುಕಿದ್ದು ಗೊತ್ತಿದ್ದವರ ಮೌನದಿಂದ.

ಈ ನಡುವೆ, ಅಕ್ಟೋಬರ್ 19ರಂದು, ಸುಮಾತ್ರಾದಿಂದ ಹೊರಟ ಇನ್ನೊಂದು ದೋಣಿ ಮುಳುಗಿತು. ಹೆಸರೂ ನಂಬರೂ ಇಲ್ಲದ ಅದನ್ನು ಆಮೇಲೆ 'ಸೀವ್-ಎಕ್ಸ್' ಎಂದು ಕರೆದರು. ಸತ್ತವರು 353 ಜನ: 146 ಮಕ್ಕಳು, 142 ಹೆಂಗಸರು, 65 ಗಂಡಸರು. ಹೆಂಗಸರು ಮಕ್ಕಳೇ ಇಷ್ಟೊಂದು ಯಾಕೆ? ಅವರಲ್ಲಿ ಎಷ್ಟೋ ಮಂದಿಯ ಗಂಡಂದಿರು, ಅಪ್ಪಂದಿರು ಆಗಲೇ ಆಸ್ಟ್ರೇಲಿಯಾದಲ್ಲಿದ್ದರು, ತಾತ್ಕಾಲಿಕ ವೀಸಾದ ಮೇಲೆ. ಸಂಸಾರ ಕರೆಸಿಕೊಳ್ಳಲು ಕಾನೂನು ಬಿಡಲಿಲ್ಲ, ಸಂಸಾರ ದಲ್ಲಾಳಿಗೆ ಹಣ ಕೊಟ್ಟು ದೋಣಿ ಹತ್ತಿತು. ಸಿಡ್ನಿಯಲ್ಲಿದ್ದ ಇರಾಕಿನವನೊಬ್ಬ ಮೂವರು ಹೆಣ್ಣುಮಕ್ಕಳನ್ನು ಕಳೆದುಕೊಂಡಿದ್ದ. ಬದುಕುಳಿದ ಹೆಂಡತಿ ಇಂಡೋನೇಷ್ಯಾದಲ್ಲಿ. ಹೋಗಿ ಅವಳ ಪಕ್ಕ ಕೂತರೆ ವೀಸಾ ಹೋಗುತ್ತದೆ, ಮತ್ತೆ ಬರುವಂತಿಲ್ಲ ಎಂದರು. ಆ ಮೂರು ಮಕ್ಕಳ ಫೋಟೊ ಪತ್ರಿಕೆಗಳಲ್ಲಿ ಬಂತು. ಇಡೀ ಚುನಾವಣೆಯಲ್ಲಿ ದೋಣಿಯ ಜನರಿಗೆ ಮುಖ ಎಂದು ಸಿಕ್ಕಿದ್ದು ಆಗಲೇ, ಸತ್ತ ಮೇಲೆ. ಎಸೆದರು ಎನ್ನಲಾದ ಮಕ್ಕಳ ಬಗ್ಗೆ ವಾರಗಟ್ಟಲೆ ಕೊತಕೊತ ಕುದಿದ ರೇಡಿಯೊ ಸ್ಟುಡಿಯೊಗಳು 146 ಮಕ್ಕಳ ಸಾವನ್ನು ಬೇಗ ದಾಟಿ ಮುಂದೆ ಹೋದವು. ದೋಣಿ ಮುಳುಗಿದ್ದು ಇಂಡೋನೇಷ್ಯಾದ ನೀರಿನಲ್ಲಿ, ನಮ್ಮದೇನಿಲ್ಲ ಎಂದು ಹೊವಾರ್ಡ್ ಕೈತೊಳೆದುಕೊಂಡರು.

ಅಕ್ಟೋಬರ್ 28ರಂದು ಅವರು ಪ್ರಚಾರದ ಮುಖ್ಯ ಭಾಷಣ ಮಾಡಿದರು. ಈ ದೇಶಕ್ಕೆ ಯಾರು ಬರಬೇಕು, ಹೇಗೆ ಬರಬೇಕು ಎಂಬುದನ್ನು ತೀರ್ಮಾನಿಸುವವರು ನಾವು ಎಂಬ ಮಾತಿಗೆ ಸಭೆ ಎದ್ದು ಚಪ್ಪಾಳೆ ತಟ್ಟಿತು. ಮತದಾನಕ್ಕೆ ಮೂರು ದಿನ ಇರುವಾಗ, ನವೆಂಬರ್ 7ರಂದು, ಕ್ರಿಸ್‌ಮಸ್ ದ್ವೀಪದ ಜನರಿಗೆ ನಾವಿಕರೇ ಈ ಕಥೆ ಸುಳ್ಳು ಎಂದು ಹೇಳಿದ್ದಾರೆ ಎಂಬ ವರದಿ ಬಂತು. ಬರೆದದ್ದು 'ದಿ ಆಸ್ಟ್ರೇಲಿಯನ್', ಮಾಲೀಕ ರೂಪರ್ಟ್ ಮರ್ಡಾಕ್. ಮಾಲೀಕನ ಹೆಸರು ನೋಡಿಯೇ ಪತ್ರಿಕೆಯ ಬಣ್ಣ ಹೇಳುವವರು ಇಲ್ಲಿ ತುಸು ತಡೆದು ನಿಲ್ಲಬೇಕಾಗುತ್ತದೆ. ಅದೇ ದಿನ ಸೇನೆಯ ಹಂಗಾಮಿ ಮುಖ್ಯಸ್ಥ ಏರ್ ಮಾರ್ಷಲ್ ಆ್ಯಂಗಸ್ ಹೂಸ್ಟನ್ ರೀತ್‌ಗೆ ಫೋನ್ ಮಾಡಿ, ಮಕ್ಕಳನ್ನು ಎಸೆದ ಪುರಾವೆ ಇಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ಅವತ್ತು ರಾತ್ರಿ ರೀತ್‌ರ ಸಲಹೆಗಾರ ಮೈಕ್ ಸ್ಕ್ರಾಫ್ಟನ್ ಪ್ರಧಾನಿಯ ಜೊತೆ ಫೋನಿನಲ್ಲಿ ಮಾತಾಡಿದರು. ಮರುದಿನ ನ್ಯಾಷನಲ್ ಪ್ರೆಸ್ ಕ್ಲಬ್‌ನಲ್ಲಿ ಹೊವಾರ್ಡ್ ಗುಪ್ತಚರ ಸಂಸ್ಥೆಯ ಟಿಪ್ಪಣಿಯೊಂದನ್ನು ಆಧಾರವಾಗಿ ಹೇಳಿದರು. ಆ ಟಿಪ್ಪಣಿಗೆ ಆಧಾರ ಮಂತ್ರಿಗಳ ಹಳೆಯ ಹೇಳಿಕೆಗಳೇ ಎಂದು ಆಮೇಲೆ ಹೊರಬಿತ್ತು. ಬಾಯಿಂದ ಹೊರಟ ಮಾತು ಒಂದು ಸುತ್ತು ಹಾಕಿ ಮೊಹರು ಒತ್ತಿಸಿಕೊಂಡು ವಾಪಸು ಬಂದಿತ್ತು.

ನವೆಂಬರ್ 10ರಂದು ಹೊವಾರ್ಡ್ ಮೂರನೇ ಸಲ ಗೆದ್ದರು. ಇಡೀ ಗೆಲುವನ್ನು ಟಾಂಪಾದ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ಆ ವರ್ಷದ ಆರಂಭದಲ್ಲಿ ಪಾತಾಳದಲ್ಲಿದ್ದ ಸರ್ಕಾರ ಪೆಟ್ರೋಲ್ ತೆರಿಗೆ ಇಳಿಸಿ, ವೃದ್ಧರಿಗೆ ಸವಲತ್ತು ಕೊಟ್ಟು ಜುಲೈ ಹೊತ್ತಿಗೇ ಚೇತರಿಸಿಕೊಳ್ಳತೊಡಗಿತ್ತು, ಸೆಪ್ಟೆಂಬರ್ 11ರ ಭಯವೂ ಇತ್ತು. ಆದರೆ 1998ರಲ್ಲಿ ಶೇ. 8.4ರಷ್ಟಿದ್ದ ಒನ್ ನೇಷನ್ ಮತ ಸುಮಾರು ಅರ್ಧಕ್ಕೆ ಇಳಿದದ್ದು, ಅತ್ತ ಲೇಬರ್‌ನಿಂದ ಬೇಸತ್ತವರ ಬಲದಲ್ಲಿ ಗ್ರೀನ್ಸ್ ಪಕ್ಷ ಹೆಚ್ಚುಕಡಿಮೆ ಇಮ್ಮಡಿ ಬೆಳೆದದ್ದು, ಇವೆರಡೂ ಎಲ್ಲಿ ಒಡಕು ಬಿತ್ತು ಎಂಬುದನ್ನು ತೋರಿಸುತ್ತವೆ. ಕ್ಯಾನ್‌ಬೆರಾದಲ್ಲಿ ಎರಡು ದೊಡ್ಡ ಪಕ್ಷಗಳು ಒಂದೇ ಕಾನೂನಿಗೆ ಕೈಯೆತ್ತಿದ್ದವು. ಒಡೆದದ್ದು ಪಕ್ಷಗಳ ಹಿಂದಿದ್ದ ಸಮಾಜ.

ಇದೇ ಹೊವಾರ್ಡ್ ಕಾಲದಲ್ಲಿ ಇನ್ನೊಂದು ಬಾಗಿಲು ಅಗಲವಾಗಿ ತೆರೆಯಿತು. ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರುಗಳು, ಲೆಕ್ಕಪರಿಶೋಧಕರು, ವಿದ್ಯಾರ್ಥಿಗಳು ಆಸ್ಟ್ರೇಲಿಯಾಕ್ಕೆ ಹೆಚ್ಚಾಗಿ ಹೋಗತೊಡಗಿದ್ದು ಆಗಲೇ. ಭಾರತದಲ್ಲಿ ಹುಟ್ಟಿದವರ ಸಂಖ್ಯೆ ಅಲ್ಲಿ 2001ರಲ್ಲಿ ಸುಮಾರು 95 ಸಾವಿರ ಇದ್ದದ್ದು 2021ರ ಜನಗಣತಿಯಲ್ಲಿ 6.7 ಲಕ್ಷ ದಾಟಿತ್ತು. ದೋಣಿಯಲ್ಲಿ ಬಂದ ನಾಲ್ಕು ಸಾವಿರಕ್ಕೆ ಹೆದರಿದ ದೇಶ ವಿಮಾನದಲ್ಲಿ ಬಂದ ಲಕ್ಷಗಳನ್ನು ಸದ್ದಿಲ್ಲದೆ ಒಳಬಿಟ್ಟುಕೊಂಡಿತು. ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ನೆಲೆಸಿರುವ ನಮ್ಮವರಲ್ಲಿ ದೋಣಿಯ ಜನರನ್ನು 'ಕ್ಯೂ ತಪ್ಪಿಸಿ ನುಗ್ಗುವವರು' ಎನ್ನುವವರಿದ್ದಾರೆ. ಕಾಬೂಲಿನಲ್ಲಿ ಹಜಾರಾ ಹೆಂಗಸು ನಿಲ್ಲಬಹುದಾಗಿದ್ದ ಕ್ಯೂ ಯಾವ ಕಚೇರಿಯ ಮುಂದಿತ್ತು ಎಂದು ಅವರು ಒಮ್ಮೆ ಯೋಚಿಸಬೇಕು.

2002ರ ಅಕ್ಟೋಬರ್‌ನಲ್ಲಿ ಸೆನೆಟ್ ಸಮಿತಿ ವರದಿ ಕೊಟ್ಟಿತು: ಯಾವ ಮಗುವನ್ನೂ ಸೀವ್-4ರಿಂದ ಎಸೆದಿರಲಿಲ್ಲ. ರೀತ್ ಸಮಿತಿಯ ಮುಂದೆ ಬರಲಿಲ್ಲ, ಸಚಿವರ ಸಲಹೆಗಾರರನ್ನು ಸಾಕ್ಷಿ ಹೇಳಲು ಸರ್ಕಾರ ಬಿಡಲಿಲ್ಲ. ತಪ್ಪು ಯಾರದು ಎಂಬಲ್ಲಿ ಸಮಿತಿಯೇ ಎರಡಾಯಿತು, ಆಡಳಿತ ಪಕ್ಷದ ಸದಸ್ಯರು ಬೇರೆ ವರದಿ ಬರೆದರು. 2004ರ ಆಗಸ್ಟ್‌ನಲ್ಲಿ ಸ್ಕ್ರಾಫ್ಟನ್ ಪತ್ರಿಕೆಗೆ ಪತ್ರ ಬರೆದು, ಮಕ್ಕಳನ್ನು ಎಸೆದದ್ದನ್ನು ನಂಬುವವರು ಇಲಾಖೆಯಲ್ಲಿ ಯಾರೂ ಇಲ್ಲ ಎಂದು ಚುನಾವಣೆಗೆ ಮೊದಲೇ ಪ್ರಧಾನಿಗೆ ತಿಳಿಸಿದ್ದೆ ಎಂದರು. ನಾವು ಮಾತಾಡಿದ್ದು ನೌಕೆಯಿಂದ ತೆಗೆದಿದ್ದ ವಿಡಿಯೊ ಬಗ್ಗೆ ಮಾತ್ರ ಎಂದು ಹೊವಾರ್ಡ್. ಎರಡು ತಿಂಗಳಲ್ಲಿ ಅವರು ನಾಲ್ಕನೇ ಚುನಾವಣೆಯನ್ನೂ ಗೆದ್ದರು. ಟಾಂಪಾದ ಕ್ಯಾಪ್ಟನ್, ಸಿಬ್ಬಂದಿ ಮತ್ತು ಮಾಲೀಕ ಸಂಸ್ಥೆಗೆ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ 2002ರ ನಾನ್ಸೆನ್ ಪ್ರಶಸ್ತಿ ಕೊಟ್ಟಿತು. ಸೀವ್-4ರ ಜನರನ್ನು ಪಪುವಾ ನ್ಯೂಗಿನಿಯ ಮಾನುಸ್ ದ್ವೀಪಕ್ಕೆ ಕಳಿಸಲಾಗಿತ್ತು. 2001ರಿಂದ 2008ರವರೆಗೆ ನೌರು, ಮಾನುಸ್ ಎರಡರಲ್ಲೂ ಇರಿಸಿದ್ದ 1,637 ಜನರಲ್ಲಿ ಶೇ. 70ರಷ್ಟು ಮಂದಿಗೆ ಕೊನೆಗೆ ಬೇರೆ ಬೇರೆ ದೇಶಗಳಲ್ಲಿ ನೆಲೆ ಸಿಕ್ಕಿತು, ಅವರಲ್ಲಿ 705 ಜನರಿಗೆ ಆಸ್ಟ್ರೇಲಿಯಾದಲ್ಲೇ.

ಆ ಶಿಬಿರಗಳನ್ನು 2008ರಲ್ಲಿ ಮುಚ್ಚಿದ್ದೂ 2012ರಲ್ಲಿ ಮತ್ತೆ ತೆರೆದದ್ದೂ ಲೇಬರ್ ಸರ್ಕಾರಗಳೇ. ಈ ನಡುವೆ ದೋಣಿಗಳು ಮತ್ತೆ ಬಂದವು, ಸಮುದ್ರದಲ್ಲಿ ನೂರಾರು ಜನ ಸತ್ತರು, ಅದೂ ನಿಜ. ದೂರ ಇಡುವ ಕಲೆ ಮಾತ್ರ ಆ ಹೊತ್ತಿಗೆ ಪಳಗಿತ್ತು. 2014ರಲ್ಲಿ ನೌರು ಪತ್ರಕರ್ತರ ವೀಸಾ ಶುಲ್ಕವನ್ನು 200 ಡಾಲರ್‌ನಿಂದ 8,000 ಡಾಲರಿಗೆ ಏರಿಸಿತು, ವೀಸಾ ಸಿಗದಿದ್ದರೂ ಹಣ ವಾಪಸಿಲ್ಲ. ಶಿಬಿರದಲ್ಲಿ ಕಂಡದ್ದನ್ನು ಹೊರಗೆ ಹೇಳಿದ ಸಿಬ್ಬಂದಿಗೆ ಎರಡು ವರ್ಷದವರೆಗೆ ಜೈಲು ಎಂಬ ಕಾನೂನು 2015ರಲ್ಲಿ ಬಂತು. ಆದರೂ 2016ರಲ್ಲಿ ನೌರು ಶಿಬಿರದ ಎರಡು ಸಾವಿರಕ್ಕೂ ಹೆಚ್ಚು ಒಳವರದಿಗಳು ಸೋರಿ 'ಗಾರ್ಡಿಯನ್'ನಲ್ಲಿ ಅಚ್ಚಾದವು. ಮಾನುಸ್‌ನಲ್ಲಿದ್ದ ಕುರ್ದ್ ಪತ್ರಕರ್ತ ಬೆಹ್ರೂಜ್ ಬೂಚಾನಿ ಮೊಬೈಲ್‌ನಲ್ಲಿ ಕದ್ದುಮುಚ್ಚಿ ಟೈಪ್ ಮಾಡಿ ವಾಟ್ಸ್ಆ್ಯಪ್ ಮೂಲಕ ಕಳಿಸಿದ ಬರಹ ಪುಸ್ತಕವಾಯಿತು. 2019ರ ಜನವರಿಯಲ್ಲಿ ಅದಕ್ಕೆ ವಿಕ್ಟೋರಿಯಾ ರಾಜ್ಯದ ದೊಡ್ಡ ಸಾಹಿತ್ಯ ಪ್ರಶಸ್ತಿ ಬಂದಾಗ ಆತ ಇನ್ನೂ ಮಾನುಸ್‌ನಲ್ಲೇ ಇದ್ದರು, ಮೆಲ್ಬರ್ನ್‌ಗೆ ಬಂದು ಅದನ್ನು ಪಡೆಯಲು ಆಗಲಿಲ್ಲ. 2020ರ ಜುಲೈನಲ್ಲಿ ಅವರಿಗೆ ಆಶ್ರಯ ಕೊಟ್ಟದ್ದು ನ್ಯೂಜಿಲೆಂಡ್.